ಮುಂಬೈ ಜನ ನಿಜಕ್ಕೂ ಹೇಗೆ? ಹೋಗುವ ಮುಂಚೆ ಕೇಳ್ತಿದ್ದೇನೆ

ತುಂಗಾ ದಂಡೆ

ಎಲ್ಲರಿಗೂ ನಮಸ್ಕಾರ. ನನ್ನದು ಶಿವಮೊಗ್ಗ. ಮುಂದಿನ ತಿಂಗಳಿಂದ ಮುಂಬೈನ ಲೋವರ್ ಪರೇಲ್‌ನಲ್ಲಿ ಕೆಲಸ. ಇಲ್ಲಿಯವರೆಗೆ ಬೆಂಗಳೂರು ಬಿಟ್ಟು ಬೇರೆ ದೊಡ್ಡ ಊರಲ್ಲಿ ಇದ್ದವಳಲ್ಲ. ಮನೆಯಲ್ಲಿ ಎರಡು ಪಕ್ಷ ಆಗಿದೆ. ದೊಡ್ಡಪ್ಪ ಹಿಂದೆ ಒಂದೇ ವರ್ಷ ಅಲ್ಲಿದ್ದು ವಾಪಸ್ ಓಡಿ ಬಂದವರು. "ಬಿದ್ದವರನ್ನು ದಾಟಿಕೊಂಡು ಹೋಗುವ ಊರು ಅದು" ಅನ್ನುತ್ತಾರೆ. ಚಿಕ್ಕಮ್ಮ ಮುಲುಂಡ್‌ನಲ್ಲಿ ಹತ್ತು ವರ್ಷ ಸಂಸಾರ ಮಾಡಿದವರು. ಅವರ ಪ್ರಕಾರ ಅಂಥ ಜನ ಇನ್ನೆಲ್ಲೂ ಇಲ್ಲ. ಇಬ್ಬರೂ ಸುಳ್ಳು ಹೇಳುವವರಲ್ಲ, ಅದೇ ಕಷ್ಟ.

ನೋಡುವ ಜಾಗಗಳ ಪಟ್ಟಿ ಬೇಡ. ಜನ ಹೇಗೆ ಅಂತ ಹೇಳಿ, ಸಾಕು.

ಠಾಣೆ ಸ್ಲೋ

ತಂಗಿ, 27 ವರ್ಷದಿಂದ ಲೋಕಲ್‌ನಲ್ಲಿ ಓಡಾಡುತ್ತಿದ್ದೇನೆ. ನಿಮ್ಮ ದೊಡ್ಡಪ್ಪ ಹೇಳಿದ್ದೂ ಸರಿ, ಚಿಕ್ಕಮ್ಮ ಹೇಳಿದ್ದೂ ಸರಿ.

ಸೆಕೆಂಡ್ ಕ್ಲಾಸ್ ಸೀಟು ಇರುವುದು ಮೂರು ಜನಕ್ಕೆ. ನಾಲ್ಕನೆಯವನು ಬಂದು ನಿಲ್ಲುತ್ತಾನೆ. ಮಾತಿಲ್ಲ, ಕೈಯಲ್ಲಿ ಒಂದು ಸಣ್ಣ ಸನ್ನೆ ಅಷ್ಟೇ. ಕೂತಿದ್ದ ಮೂವರೂ ಕಿಟಕಿ ಕಡೆ ಒಂದೆರಡು ಇಂಚು ಜರುಗುತ್ತಾರೆ. ಅವನಿಗೆ ಒಂದು ತೊಡೆ ಊರುವಷ್ಟು ಜಾಗ ಸಿಗುತ್ತೆ, ಇನ್ನೊಂದು ಗಾಳಿಯಲ್ಲಿ. ಅವನು ಥ್ಯಾಂಕ್ಸ್ ಹೇಳುವುದಿಲ್ಲ, ಇವರು ಮುಖ ಎತ್ತಿ ನೋಡುವುದಿಲ್ಲ. ಉಪಕಾರ ಮಾಡಿದೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಆ ಅರ್ಧ ಸೀಟು ಅವನ ಪಾಲು. ಮುಂಬೈ ಜನರ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಇದೇ.

ಒಮ್ಮೆ ಮೇ ತಿಂಗಳ ಬಿಸಿಲಲ್ಲಿ ಕುರ್ಲಾ ಪ್ಲಾಟ್‌ಫಾರ್ಮಿನಲ್ಲಿ ತಲೆ ಸುತ್ತಿ ಬಿದ್ದೆ. ಕಣ್ಣು ಬಿಟ್ಟಾಗ ಬೆಂಚಿನ ಮೇಲಿದ್ದೆ. ಒಬ್ಬ ನನ್ನ ಬ್ಯಾಗ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇನ್ನೊಬ್ಬ ನಿಂಬೆ ಶರಬತ್ತು ಹಿಡಿದು ನಿಂತಿದ್ದ. "ಘರ್ ಮೇ ಫೋನ್ ಕರ್ ದಿಯಾ ಹೈ" ಅಂದ. ಅಷ್ಟರಲ್ಲಿ ಗಾಡಿ ಬಂತು. ಇಬ್ಬರೂ ಹತ್ತಿ ಹೋದರು. ಹೆಸರು ಕೇಳುವುದಕ್ಕೂ ಆಗಲಿಲ್ಲ.

ದಾಟಿಕೊಂಡು ಹೋಗುವುದನ್ನೂ ನೋಡಿದ್ದೇನೆ. ನಾನೇ ದಾಟಿದ್ದೇನೆ. ಇಲ್ಲಿ ಹಳಿ ದಾಟುವಾಗ, ಗಾಡಿಯಿಂದ ಬಿದ್ದು, ವರ್ಷಕ್ಕೆ 2,000ಕ್ಕೂ ಜಾಸ್ತಿ ಜನ ಸಾಯುತ್ತಿದ್ದ ಕಾಲ ಎಷ್ಟೋ ವರ್ಷ ಇತ್ತು. ಸ್ಟ್ರೆಚರ್ ಮೇಲೆ ಬಿಳಿ ಬಟ್ಟೆ ಹೊದಿಸಿದ ಹೆಣ. ಪಕ್ಕದಲ್ಲೇ 8:14ರ ಗಾಡಿಗೆ ಕ್ಯೂ. ಮೊದಲ ಸಲ ನೋಡಿದಾಗ ಅವತ್ತು ಊಟ ಸೇರಲಿಲ್ಲ. ಹತ್ತನೇ ಸಲಕ್ಕೆ ವಾಚ್ ನೋಡಿಕೊಂಡೆ.

ಖಾಲಿ ಪೀಲಿ

ಅಣ್ಣ ತುಂಬಾ ಗಂಭೀರ ಮಾಡಿಬಿಟ್ಟರು. ತುಂಗಾ ದಂಡೆ ಅವರೇ, ಅದಕ್ಕಿಂತ ದೊಡ್ಡ ಎಚ್ಚರಿಕೆ ಒಂದಿದೆ. ಅಲ್ಲಿ "ಮೈಸೂರು ಮಸಾಲ ದೋಸೆ" ಅಂತ ಕೊಡುವುದಕ್ಕೂ ಮೈಸೂರಿಗೂ ಯಾವ ಸಂಬಂಧವೂ ಇಲ್ಲ. ಕೆಂಪು ಬೆಳ್ಳುಳ್ಳಿ ಚಟ್ನಿ ಜೊತೆಗೆ ಕೆಲವು ಕಡೆ ಬೀಟ್‌ರೂಟು, ಕ್ಯಾಬೇಜು ಎಲ್ಲ ಒಳಗೆ ಹೊಕ್ಕಿರುತ್ತೆ. ಉದ್ದಿನ ವಡೆ ಕೇಳಿದರೆ "ಮೇಂದು ವಡಾ?" ಅಂತ ನಿಮ್ಮನ್ನೇ ತಿದ್ದುತ್ತಾರೆ. ತಿದ್ದುವವನ ಊರು ಕುಂದಾಪುರ!

ಕಾಪು ಕಡಲು

ಮಾರಾಯ್ರೆ, ಆ ಮೇಂದು ವಡಾದ ಹಿಂದೆ ನಮ್ಮ ಅಪ್ಪನಂಥವರ ಜೀವನ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಬೇಡಿ.

ಅಪ್ಪ 1964ರಲ್ಲಿ ಮುಂಬೈಗೆ ಬಂದಾಗ 13 ವರ್ಷ. ಆಗ ಕೊಂಕಣ ರೈಲು ಇಲ್ಲ, ಅದು ಬಂದದ್ದು 1998ಕ್ಕೆ. ಘಾಟಿ ಹತ್ತಿ ಹುಬ್ಬಳ್ಳಿ ದಾರಿಯಲ್ಲಿ ಬಸ್ಸು. ಕೋಟೆ ಹತ್ತಿರ, ಅಂದರೆ ಫೋರ್ಟ್‌ನಲ್ಲಿ, ಊರಿನವರದೇ ಒಂದು ಹೋಟೆಲು. ಮೊದಲು ಕಪ್ಪು ತೊಳೆಯುವುದು. ಆಮೇಲೆ ಟೇಬಲ್ ಒರೆಸುವುದು. ಸಪ್ಲೈಯರ್ ಆಗಲು ಮೂರು ವರ್ಷ. ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಟೇಬಲುಗಳನ್ನು ಜೋಡಿಸಿ ಮೇಲೆ ಮಲಗುವುದು. ಮಾರ್ಬಲ್ ಟೇಬಲು ಮಳೆಗಾಲದಲ್ಲಿ ಬೆನ್ನಿಗೆ ಎಷ್ಟು ತಣ್ಣಗೆ ಅಂತ ಈಗಲೂ ಹೇಳುತ್ತಾರೆ.

ಸಂಜೆ ಹೊತ್ತು ಕನ್ನಡ ರಾತ್ರಿ ಶಾಲೆ. ಹಗಲು ದುಡಿದ ಹುಡುಗರು, ಕೈಯಲ್ಲಿ ಸಾಂಬಾರಿನ ವಾಸನೆ, ಬೆಂಚಿನ ಮೇಲೆ ತೂಕಡಿಕೆ. ಮೇಷ್ಟ್ರು ಕೂಡ ಹಗಲು ಬೇರೆಲ್ಲೋ ಗುಮಾಸ್ತರು. ಕ್ಲಾಸಿನ ಹೊತ್ತಿಗೇ ಹೋಟೆಲಿನಲ್ಲಿ ರಶ್ಶು. ಆದರೂ ಧಣಿ ಬಿಡುತ್ತಿದ್ದರು. ಭಟ್ಟರು ನಾಲ್ಕು ಇಡ್ಲಿ ಪಾತ್ರೆಯಲ್ಲಿ ಮುಚ್ಚಿಡುತ್ತಿದ್ದರು. ಅಪ್ಪ ಎಸ್ಸೆಸ್ಸಿ ಪಾಸಾದದ್ದು 21ನೇ ವಯಸ್ಸಿಗೆ. ಮುಂಬೈಯ ನಮ್ಮವರಲ್ಲಿ ವಕೀಲರು, ಬ್ಯಾಂಕಿನವರು ಅಂತ ಆದ ಎಷ್ಟೋ ಜನ ಇದೇ ದಾರಿಯಲ್ಲಿ ಬಂದವರು. ಬಿಲ್ಲವರು ಸೇರಿ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕ್ ಕಟ್ಟಿದರು. ಮಾಟುಂಗಾದಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಲೆ ಹಾಕುತ್ತಿದೆ. ಇನ್ನು ಮಂಗಳೂರಿನಿಂದ ಕೈಬೀಸಿಕೊಂಡು ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದ ಜಾರ್ಜ್ ಫರ್ನಾಂಡಿಸ್ ಗೊತ್ತಲ್ಲ. 1967ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರನ್ನೇ ಸೋಲಿಸಿಬಿಟ್ಟರು.

ಎಲ್ಲ ಸಕ್ಕರೆ ಅಂತ ಹೇಳುವುದಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿತು. "ಬಜಾವೋ ಪುಂಗಿ, ಹಟಾವೋ ಲುಂಗಿ", ಅಂದರೆ ಪುಂಗಿ ಊದಿ, ಲುಂಗಿಯವರನ್ನು ಓಡಿಸಿ ಅನ್ನುವ ಕೂಗು ನಮ್ಮಂಥ ದಕ್ಷಿಣದವರ ಮೇಲೆ. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಅಪ್ಪನನ್ನು ಕೇಳಿದರೆ ಆ ದಿನಗಳ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. ಒಂದೇ ಹೇಳುತ್ತಾರೆ: ಹಿಂದಿನ ದಿನ ಸಂಜೆ ಆ ಕೂಗು ಹಾಕಿದ್ದ ಓಣಿಯ ಹುಡುಗ ಮರುದಿನ ಬೆಳಿಗ್ಗೆ ಇಡ್ಲಿಗೆ ಬಂದು ಕೂತನಂತೆ. ಅಪ್ಪ ಕೊಟ್ಟರಂತೆ. ಅವನು ಎರಡನೇ ಸಲ ಚಟ್ನಿ ಕೇಳಿದನಂತೆ.

ಖಾಲಿ ಪೀಲಿ

ಕ್ಷಮಿಸಿ ಅಣ್ಣ, ಸುಮ್ನೆ ತಮಾಷೆಗೆ ಹೇಳಿದ್ದು. ಚಟ್ನಿ ಹಾಕಿದರಾ?

ಕಾಪು ಕಡಲು

ಹಾಕದೆ? ಗಿರಾಕಿ ಅಲ್ವಾ.

ಜೋಳದ ತೆನೆ

ಬರೆದಿದ್ದೆಲ್ಲ ಚೆಂದ ಅದ ರೀ. ಆದರೆ ಒಂದು ತಕರಾರು. ಮುಂಬೈ ಕನ್ನಡಿಗ ಅಂದ ಕೂಡಲೇ ಬರೇ ಉಡುಪಿ ಹೋಟೆಲ್ ಅಂತ ಆಗಿಬಿಟ್ಟಿದೆ. ನಾವೂ ಇದ್ದೇವೆ.

ಬೆಳಿಗ್ಗೆ 8ಕ್ಕೆ ಉಪನಗರದ ಯಾವುದಾದರೂ ನಾಕಾಕ್ಕೆ, ಅಂದರೆ ಕೂಲಿಯವರು ಸೇರುವ ಚೌಕಕ್ಕೆ, ಹೋಗಿ ನಿಲ್ಲಿರಿ. ಕರಣಿ, ಪುಟ್ಟಿ, ಸಲಿಕೆ ಹಿಡಿದು ಗುಂಪು ಗುಂಪಾಗಿ ಕೂತಿರುತ್ತಾರೆ. ಮೇಸ್ತ್ರಿ ಬಂದು ಇಬ್ಬರನ್ನೋ ನಾಲ್ವರನ್ನೋ ಕರೆದುಕೊಂಡು ಹೋಗುತ್ತಾನೆ. 11 ಗಂಟೆಗೂ ಕೂತಿದ್ದವರಿಗೆ ಅವತ್ತು ಕೂಲಿ ಇಲ್ಲ. ಹತ್ತಿರ ಹೋಗಿ ಕಿವಿಗೊಟ್ಟರೆ ಕಲಬುರಗಿ, ಯಾದಗಿರಿ, ವಿಜಯಪುರದ ಮಾತು. ತಾಂಡಾಗಳಿಂದ ಬಂದ ಲಂಬಾಣಿ ಅಕ್ಕಗಳು. ಗಾಜಿನ ಕಟ್ಟಡಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ಹತ್ತನೇ ಮಾಳಿಗೆಗೆ ಕಾಂಕ್ರೀಟ್ ಹೊತ್ತವರು ನಮ್ಮ ಓಣಿಯವರು ಅಂತ ಯಾರೂ ಬರೆಯುವುದಿಲ್ಲ.

ನಾನು ಓದಿದ್ದು ಅಲ್ಲಿನ ಪಾಲಿಕೆ ಶಾಲೆಯಲ್ಲಿ, ಕನ್ನಡದಲ್ಲೇ. ನಂಬ್ತೀರಾ? ಮುಂಬೈ ಮಹಾನಗರ ಪಾಲಿಕೆ 8 ಭಾಷೆಗಳಲ್ಲಿ ಶಾಲೆ ನಡೆಸುತ್ತದೆ: ಮರಾಠಿ, ಹಿಂದಿ, ಉರ್ದು, ಗುಜರಾತಿ, ಕನ್ನಡ, ತಮಿಳು, ತೆಲುಗು, ಇಂಗ್ಲಿಷ್. ನಮ್ಮ ಕಟ್ಟಡದಲ್ಲಿ ಕೆಳಗೆ ಮರಾಠಿ, ನಡುವೆ ಉರ್ದು, ಮೇಲೆ ಕನ್ನಡ. ಪ್ರಾರ್ಥನೆ ಒಂದೇ ಹೊತ್ತಿಗೆ ಶುರುವಾದರೆ ಮೆಟ್ಟಿಲ ಮೇಲೆ ನಿಂತವನಿಗೆ ಯಾವುದೂ ತಿಳಿಯುತ್ತಿರಲಿಲ್ಲ. ಬೈಗುಳ ಮಾತ್ರ ಎಲ್ಲರಿಗೂ ಎಲ್ಲ ಭಾಷೆಯದೂ ಬರುತ್ತಿತ್ತು.

ಇನ್ನೊಂದು. ಮುಂಬೈ ನಮಗೆ ಪರದೇಶ ಅಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಜಿಲ್ಲೆಗಳಿಗೆ 1956ರವರೆಗೆ ರಾಜಧಾನಿಯೇ ಅದು. ನಮ್ಮ ಅಜ್ಜ ಕೊನೆಯವರೆಗೂ "ಸರಕಾರ ಮುಂಬಯಿಯಾಗ ಅದ" ಅನ್ನುತ್ತಿದ್ದರು. ವಿಧಾನಸೌಧದ ಹೆಸರು ಅವರ ಬಾಯಲ್ಲಿ ಬರಲೇ ಇಲ್ಲ.

ಬೆಂಗಳೂರೇ ಸಾಕು

ಎಲ್ಲ ಕೇಳೋಕೆ ಚೆನ್ನಾಗಿದೆ. ಅದೇ ಊರಲ್ಲಿ ಸಾಲ ಮಾಡಿ 200 ಚದರಡಿಯ ಗೂಡಲ್ಲಿ ಇರಬೇಕು. ಬಡತನಕ್ಕೆ "ಜೀವನ ಪ್ರೀತಿ" ಅಂತ ಹೆಸರಿಟ್ಟರೆ ಬಾಡಿಗೆ ಕಡಿಮೆ ಆಗುತ್ತಾ?

ಬಾಡಿಗೆ ಹಕ್ಕಿ

ಇವರು ಒರಟಾಗಿ ಹೇಳಿದರೂ ಮಾತು ಹಗುರವಲ್ಲ. ತುಂಗಾ ದಂಡೆ, ಮನೆ ಹುಡುಕುವಾಗ ನಿಮಗೆ ಈ ಊರಿನ ಇನ್ನೊಂದು ಮುಖ ಕಾಣುತ್ತೆ.

ನಾನು ಸಿರ್ಸಿಯವಳು. ಆಫೀಸಿನ ಗೆಳತಿ ಲಖನೌದವಳು, ಮುಸ್ಲಿಂ. ಇಬ್ಬರೂ ಸೇರಿ ಬಾಂದ್ರಾದಿಂದ ಗೋರೆಗಾಂವ್‌ವರೆಗೆ 19 ಮನೆ ನೋಡಿದೆವು. ನಾನು ಫೋನ್ ಮಾಡಿದರೆ ಬ್ರೋಕರ್ ಧ್ವನಿಯಲ್ಲಿ ಬೆಣ್ಣೆ. ಇಬ್ಬರ ಹೆಸರೂ ಹೇಳಿದ ಮೇಲೆ ಒಂದು ಕ್ಷಣ ಸುಮ್ಮನಾಗುತ್ತಿದ್ದ. "ಮೇಡಂ, ಓನರ್‌ಗೆ ಏನೂ ಇಲ್ಲ, ಸೊಸೈಟಿ ಒಪ್ಪಲ್ಲ." ಈ ಸೊಸೈಟಿ ಅನ್ನುವವನನ್ನು ನಾವು ಕೊನೆಗೂ ನೋಡಲೇ ಇಲ್ಲ! ಒಂದು ಕಡೆ ಮೊಟ್ಟೆ ತಿನ್ನುವಿರಾ ಅಂತ ಕೇಳಿದರು. ಇನ್ನೊಂದು ಕಡೆ ಗಂಡಸರು ಬರುತ್ತಾರಾ ಅಂತ. ಕೊನೆಗೆ ಮನೆ ಕೊಟ್ಟವರು ಒಬ್ಬರು ಕ್ಯಾಥೊಲಿಕ್ ಅಜ್ಜಿ. ಅವರು ಕೇಳಿದ್ದು ಒಂದೇ: "ರಾತ್ರಿ ಹತ್ತರ ಮೇಲೆ ಮಿಕ್ಸಿ ಹಾಕಬೇಡಿ."

ಇದೇನೂ ಹೊಸದಲ್ಲ. ಊರು ಬೆಳೆದದ್ದೇ ಹಾಗೆ. 1915ರಲ್ಲಿ ಗಾಮ್‌ದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹ ಸೊಸೈಟಿ ಶುರುವಾಯಿತು, ನಮ್ಮ ಕೆನರಾ ಕಡೆಯ ಚಿತ್ರಾಪುರ ಸಾರಸ್ವತರದು. ಆ ಥರದ ಸೊಸೈಟಿಗಳಲ್ಲಿ ಮೊದಲನೆಯದರ ಸಾಲಿಗೆ ಸೇರಿದ್ದು. ಊರಿಂದ ಬಂದ ಗುಮಾಸ್ತರು ಪ್ಲೇಗಿನ ಭಯ, ಬಾಡಿಗೆಯ ಕಾಟ ತಪ್ಪಿಸಿಕೊಳ್ಳಲು ಮಾಡಿಕೊಂಡ ದಾರಿ ಅದು, ತಪ್ಪು ಅನ್ನಲಾರೆ. ದಾದರ್‌ನಲ್ಲಿ ಪಾರ್ಸಿ ಕಾಲೊನಿ, ಗಿರ್‌ಗಾಂವ್‌ನ ಖೋಟಾಚಿವಾಡಿಯಲ್ಲಿ ಈಸ್ಟ್ ಇಂಡಿಯನ್ನರು ಅನ್ನುವ ಸ್ಥಳೀಯ ಕ್ಯಾಥೊಲಿಕರು, ಧೋಬಿ ತಲಾವ್‌ನಲ್ಲಿ ಗೋವಾದ ಹಡಗು ಕೆಲಸದವರು ಒಟ್ಟಿಗೆ ಇರುವ 'ಕೂಡ್'ಗಳು. ಗಾಡಿಯಲ್ಲಿ ಮೈಗೆ ಮೈ ತಾಗಿಸಿ ಕೂರುವ ಜನ ಮನೆಗೆ ಹೋದ ಮೇಲೆ ತಮ್ಮವರ ಜೊತೆಗೇ ಇರುತ್ತಾರೆ. 1992-93ರ ಹಿಂದೂ-ಮುಸ್ಲಿಂ ಗಲಭೆ ಆದ ಮೇಲೆ ಆ ಗೆರೆ ಇನ್ನೂ ದಪ್ಪ ಆಯಿತು ಅಂತ ಹಳಬರು ಹೇಳುತ್ತಾರೆ.

ಠಾಣೆ ಸ್ಲೋ ಅವರೇ, ನಿಮ್ಮ ನಾಲ್ಕನೇ ಸೀಟು ನಿಜ. ಆದರೆ ಅದು ಒಂದು ಗಂಟೆಯ ಪ್ರಯಾಣಕ್ಕೆ. 11 ತಿಂಗಳ ಅಗ್ರಿಮೆಂಟಿಗೆ ಜರುಗಿ ಅಂದರೆ ಯಾರೂ ಜರುಗಲ್ಲ.

ಠಾಣೆ ಸ್ಲೋ

ಒಪ್ಪಿದೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಸೊಸೈಟಿಯ ಮೀಟಿಂಗಿನಲ್ಲೂ ಇಂಥ ಮಾತು ಬಂದಿತ್ತು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಬಂಗುಡೆ ಬುಟ್ಟಿ

ಎಲ್ಲರೂ ಬಂದವರ ಕಥೆಯೇ ಹೇಳುತ್ತಿದ್ದೀರಿ. ಮೊದಲೇ ಇದ್ದವರು? ಮುಂಬೈ ಏಳು ದ್ವೀಪ ಆಗಿದ್ದ ಕಾಲದಿಂದ ಅಲ್ಲಿದ್ದವರು ಕೋಳಿ ಸಮುದಾಯದ ಮೀನುಗಾರರು. ಊರಿನ ಹೆಸರು ಬಂದದ್ದೇ ಅವರ ಮುಂಬಾದೇವಿಯಿಂದ. ಪೋರ್ಚುಗೀಸರು ದ್ವೀಪಗಳನ್ನು ಮದುವೆಯ ಉಡುಗೊರೆ ಅಂತ ಇಂಗ್ಲಿಷ್ ರಾಜನಿಗೆ ಕೊಟ್ಟರು. ರಾಜ 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ದಡದಲ್ಲಿ ಬಲೆ ಒಣಗಿಸುತ್ತಿದ್ದವರನ್ನು ಯಾರು ಕೇಳಿದರು? ನೋಡಿ, ಬಾಡಿಗೆ ತಕರಾರು ಆಗಲೇ ಶುರು.

ನಾನು ಮೊಗವೀರ. ಕಡಲ ಕೆಲಸ ಹುಡುಕಿಕೊಂಡು ನಮ್ಮವರು ಹಿಂದೆಯೇ ಅಲ್ಲಿಗೆ ಹೋದವರು. ಮೊಗವೀರ ವ್ಯವಸ್ಥಾಪಕ ಮಂಡಳಿ ಅಲ್ಲಿ ಹುಟ್ಟಿದ್ದು 1902ರಲ್ಲಿ. ಅಮ್ಮ ಮುಂಬೈಗೆ ಬಂದ ಹೊಸದರಲ್ಲಿ ಮೀನು ಮಾರ್ಕೆಟ್ಟಿಗೆ ಹೋದದ್ದು ನಮ್ಮ ಮನೆಯಲ್ಲಿ ಈಗಲೂ ಹೇಳುವ ಕಥೆ. ಅಂಜಲ್ ಅಂದರೆ ಗೊತ್ತಾಗಲ್ಲ, ಅಲ್ಲಿ ಅದು ಸುರ್ಮಾಯಿ. ಮಾಂಜಿ ಅಲ್ಲಿ ಪಾಪ್ಲೆಟ್. ಮರಾಠಿ ಬರಲ್ಲ. ಅಮ್ಮ ಸುಮ್ಮನೆ ಬಗ್ಗಿ ಮೀನಿನ ಕಿವಿರು ಎತ್ತಿ ನೋಡಿ, ಕೆಳಗಿಟ್ಟು, ಮುಂದಿನ ಬುಟ್ಟಿಗೆ ಹೋದರು. ಮೀನು ಮಾರುವ ಕೋಳಿಣ್ (ಕೋಳಿ ಹೆಂಗಸು) ಬಾಯಿಗೆ ಬಂದಂತೆ ಬೈದಳು. ಅಮ್ಮ ತಿರುಗಿ ತುಳುವಿನಲ್ಲಿ ಬೈದರು. ಒಬ್ಬರದು ಒಬ್ಬರಿಗೆ ತಿಳಿಯಲಿಲ್ಲ, ಆದರೆ ಏನು ಹೇಳಿದ್ದು ಅಂತ ಇಬ್ಬರಿಗೂ ಗೊತ್ತಾಯಿತು. ಆಕೆ ಕೂತಲ್ಲಿಂದಲೇ ಹಿಂದಿನ ಬುಟ್ಟಿಗೆ ಕೈ ಹಾಕಿ, ಐಸಿನ ಕೆಳಗಿಂದ ಬೇರೆ ಮೀನು ತೆಗೆದು ತಕ್ಕಡಿಗೆ ಹಾಕಿದಳು. ಅಲ್ಲಿಂದ 22 ವರ್ಷ ಅಮ್ಮ ಬೇರೆಯವರ ಹತ್ತಿರ ಮೀನು ತಗೊಳ್ಳಲಿಲ್ಲ. ಪ್ರತಿ ಸಲವೂ ಜಗಳ.

ಮುಂಬೈ ಜನ ನಯವಾಗಿ ಮಾತಾಡಲ್ಲ, ತುಂಗಾ ದಂಡೆ. ಅದಕ್ಕೆ ಬೇಸರ ಮಾಡ್ಕೋಬೇಡಿ.

ಗಿರಣಿ ಸೈರನ್

ಲೋವರ್ ಪರೇಲ್ ಅಂದಿರಿ. ನಿಮ್ಮ ಆಫೀಸ್ ಇರುವ ಜಾಗ ಗಿರಣಗಾಂವ್, ಬಟ್ಟೆ ಗಿರಣಿಗಳ ಊರು. ಕೊಂಕಣ, ಸಾತಾರಾ ಕಡೆಯ ಗಂಡಸರು ಚಾಳಿನ ಒಂದೊಂದು ಖೋಲಿಯಲ್ಲಿ ಪಾಳಿ ಮೇಲೆ ಮಲಗುತ್ತಿದ್ದರು. ಒಬ್ಬ ಎದ್ದು ಹೋದ ಚಾಪೆಯ ಮೇಲೆ ಇನ್ನೊಬ್ಬ. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅದು ಮುಗಿಯಿತು ಅಂತ ಯಾರೂ ಘೋಷಿಸಲಿಲ್ಲ, ಗಿರಣಿಗಳೇ ಮುಗಿದವು. ಈಗ ಅಲ್ಲಿ ಮಾಲು, ಗಾಜಿನ ಆಫೀಸು. ಊಟದ ಹೊತ್ತಿಗೆ ಹೊರಗೆ ಬಂದರೆ ಅಲ್ಲಲ್ಲಿ ಒಂಟಿ ಚಿಮಣಿ ಕಾಣುತ್ತೆ. ಕೆಳಗೆ ವಡಾ ಪಾವ್ ಮಾರುವವರನ್ನು ಮಾತಾಡಿಸಿ ನೋಡಿ. ಅವರಪ್ಪ ಯಾವ ಗಿರಣಿಯಲ್ಲಿದ್ದರು ಅಂತ ಹೇಳುವವರು ಈಗಲೂ ಸಿಗುತ್ತಾರೆ.

ಮಳೆ ಮಾಪಕ

2005ರ ಜುಲೈ 26ರ ಮಾತು ಯಾರೂ ಎತ್ತಲಿಲ್ಲವಲ್ಲ. ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಮಳೆ. ನಾನು ಕಲೀನಾದಿಂದ ಘಾಟ್‌ಕೋಪರ್‌ಗೆ ನಡೆದವನು. ಮಧ್ಯಾಹ್ನ ಮೂರೂವರೆಗೆ ಹೊರಟು ಮನೆ ಮುಟ್ಟಿದ್ದು ಮರುದಿನ ಬೆಳಿಗ್ಗೆ.

ಎದೆಮಟ್ಟ ನೀರು. ಮುಂದೆ ಮ್ಯಾನ್‌ಹೋಲ್ ಎಲ್ಲಿದೆ ಅಂತ ಗೊತ್ತಿಲ್ಲ. ಜೋಪಡಿಯ ಹುಡುಗರು ಹಗ್ಗ ಕಟ್ಟಿ, ಸೊಂಟದ ಮಟ್ಟ ನೀರಲ್ಲಿ ನಿಂತು, ಒಬ್ಬೊಬ್ಬರನ್ನೇ ದಾಟಿಸುತ್ತಿದ್ದರು. ಅವರ ಸ್ವಂತ ಮನೆಗಳೊಳಗೆ ನೀರು ಇತ್ತು. ಒಬ್ಬಾಕೆ ಅಟ್ಟದ ಮೇಲೆ ಸ್ಟವ್ ಇಟ್ಟುಕೊಂಡು ಚಹಾ ಮಾಡಿ ಕೆಳಗೆ ಇಳಿಸುತ್ತಿದ್ದಳು. ಸ್ಟೀಲ್ ಲೋಟ ಕುಡಿದು ವಾಪಸ್ ಕೊಡಬೇಕು, ಹಿಂದೆ ನಿಂತವರಿಗೆ ಬೇಕಲ್ಲ. ನಾನು ದುಡ್ಡು ತೆಗೆದೆ. ಒದ್ದೆ ನೋಟು. ಆಕೆ ನಕ್ಕುಬಿಟ್ಟಳು.

ಆದರೆ ಆಮೇಲೆ ಟಿವಿಯಲ್ಲಿ "ಮುಂಬೈ ಸ್ಪಿರಿಟ್, ಮರುದಿನವೇ ಎದ್ದು ನಿಂತ ನಗರ" ಅಂತ ಶುರುವಾಯಿತು ನೋಡಿ. 2006ರಲ್ಲಿ ಗಾಡಿಗಳಲ್ಲಿ ಬಾಂಬ್ ಸಿಡಿದಾಗಲೂ ಅದೇ. 2008ರ ಉಗ್ರರ ದಾಳಿ ಆದಾಗಲೂ ಅದೇ. ನನ್ನ ಚಾಳಿನಲ್ಲಿ ಮರುದಿನ ಕೆಲಸಕ್ಕೆ ಹೋದವರೆಲ್ಲ ಹೋದದ್ದು ಪಗಾರ ಕಟ್ ಆಗುತ್ತೆ ಅಂತ. ಜನರ ಒಳ್ಳೆತನ ಹೊಗಳಿಬಿಟ್ಟರೆ ಮೋರಿ ಸ್ವಚ್ಛ ಮಾಡುವ ಕೆಲಸ ತಪ್ಪುತ್ತೆ ಅಲ್ವಾ? ಹಗ್ಗ ಹಿಡಿದ ಹುಡುಗರ ಮನೆಗೆ ಮುಂದಿನ ಮಳೆಗಾಲದಲ್ಲೂ ನೀರು ಬಂತು.

ಬುಧವಾರ

ಮಾಹಿಮ್‌ನಲ್ಲಿ ಬೆಳೆದವಳು ನಾನು, ಒಂದು ಸಣ್ಣ ಮಾತು. ಬುಧವಾರ ನಮ್ಮ ಮಾಹಿಮ್ ಚರ್ಚ್‌ನ ನೊವೇನಾ ಪ್ರಾರ್ಥನೆಗೆ ಬರುವವರಲ್ಲಿ ಕ್ರೈಸ್ತರಲ್ಲದವರು ಎಷ್ಟು ಜನ ಅಂತ ಒಮ್ಮೆ ಬಂದು ನೋಡಿ. ಮನೆ ಬೇಕು ಅನ್ನುವವರು ಮೇಣದ ಮನೆ ತಂದು ಇಡುತ್ತಾರೆ. ಮಗು ಬೇಕಾದವರು ಮೇಣದ ಮಗು. ನನ್ನ ಲೆಕ್ಕದಲ್ಲಿ ಮನೆಗಳೇ ಜಾಸ್ತಿ. ಹತ್ತಿರದಲ್ಲೇ ಮಖ್ದೂಮ್ ಬಾಬಾ ದರ್ಗಾ, ಉರುಸಿಗೆ ಮೊದಲ ಗೌರವ ಸಲ್ಲಿಸುವುದು ಮಾಹಿಮ್ ಪೊಲೀಸರು. ಹರಕೆ ಹೊರುವಾಗ ಸೊಸೈಟಿ ಯಾವುದು ಅಂತ ಯಾರೂ ಕೇಳಲ್ಲ.

ತುಂಗಾ ದಂಡೆ

ಎಲ್ಲರಿಗೂ ಥ್ಯಾಂಕ್ಸ್. ದೊಡ್ಡಪ್ಪನಿಗೆ ಪೂರ್ತಿ ಓದಿ ಹೇಳಿದೆ. ಕುರ್ಲಾದ ಶರಬತ್ತಿನ ಭಾಗಕ್ಕೆ ಸುಮ್ಮನಿದ್ದರು. ಹೆಣದ ಭಾಗ ಬಂದಾಗ "ನಾನು ಹೇಳಲಿಲ್ವಾ" ಅಂದರು. ಆಮೇಲೆ ಅವರೇ ಎದ್ದು ಹೋಗಿ ಹಳೇ ಟ್ರಂಕಿನಿಂದ ಒಂದು ಸ್ಟೀಲ್ ಡಬ್ಬಿ ತಂದುಕೊಟ್ಟರು. ಅಲ್ಲಿದ್ದಾಗ ಬಳಸಿದ್ದಂತೆ, ಮುಚ್ಚಳ ಸ್ವಲ್ಪ ಸೊಟ್ಟ.

ಮನೆಯದೂ ಒಂದು ದಾರಿ ಆಯಿತು. ಚಿಕ್ಕಮ್ಮನ ಹಳೇ ಪಕ್ಕದ ಮನೆಯವರು ಮುಲುಂಡ್‌ನಲ್ಲಿ ಆರು ತಿಂಗಳಿಗೆ ಒಂದು ರೂಮು ಕೊಡುತ್ತಾರಂತೆ. ಗುಜರಾತಿಗಳು. ಮೊಟ್ಟೆ ಬೇಡ ಅಂದಿದ್ದಾರೆ, ನನಗೆ ಅದು ಕಷ್ಟ ಅಲ್ಲ. ಆದರೆ ಬಾಡಿಗೆ ಹಕ್ಕಿ ಅವರು ಬರೆದದ್ದು ಓದಿದ ಮೇಲೆ ಹೂಂ ಅನ್ನುವಾಗ ಸ್ವಲ್ಪ ನಾಚಿಕೆ ಆಯಿತು.

ಮುಲುಂಡ್‌ನಿಂದ ಲೋವರ್ ಪರೇಲ್‌ಗೆ ಹೇಗೆ? ಮ್ಯಾಪ್‌ನಲ್ಲಿ ದಾದರ್‌ನಲ್ಲಿ ಬದಲಿಸಬೇಕು ಅಂತ ತೋರಿಸುತ್ತಿದೆ.

ಠಾಣೆ ಸ್ಲೋ

ದಾದರ್‌ನಲ್ಲಿ ಬದಲಿಸಲು ಹೋಗಬೇಡಿ, ಹೊಸಬರಿಗೆ ಆ ಸೇತುವೆ ಸಾಕುಬೇಕಾಗುತ್ತೆ. ಅದೇ ಸೆಂಟ್ರಲ್ ಲೈನಿನಲ್ಲಿ ಕರಿ ರೋಡ್‌ಗೆ ಇಳಿಯಿರಿ. ಅಲ್ಲಿಂದ ಲೋವರ್ ಪರೇಲ್ ಕಡೆಗೆ ನಡೆದರೆ ಆಯಿತು. ಕರಿ ರೋಡ್‌ನಲ್ಲಿ ಫಾಸ್ಟ್ ನಿಲ್ಲಲ್ಲ, ಸ್ಲೋ ಮಾತ್ರ. ಬೋರ್ಡ್ ನೋಡಿ ಹತ್ತಿ.

ಬುಧವಾರ

ಲೇಡೀಸ್ ಡಬ್ಬಿಯ ಪದ್ಧತಿ ಅಣ್ಣನಿಗೆ ಗೊತ್ತಿರಲ್ಲ, ನಾನು ಹೇಳ್ತೀನಿ. ಹತ್ತಿದ ಕೂಡಲೇ ಕೂತವರನ್ನು "ಕಹಾಂ ಉತರೇಂಗಿ?" (ಎಲ್ಲಿ ಇಳಿಯುತ್ತೀರಿ?) ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಹೋಗಿ. ಘಾಟ್‌ಕೋಪರ್ ಅಂದವರ ಮುಂದೆ ನಿಂತುಬಿಡಿ, ಆ ಸೀಟು ನಿಮ್ಮದು. ಬೇರೆ ಯಾರಾದರೂ ಕೂರಲು ಬಂದರೆ ಎದ್ದು ಹೋಗುವವಳೇ ನಿಮ್ಮ ಪರ ಜಗಳ ಮಾಡುತ್ತಾಳೆ. ನೀವು ಕೂತ ಮೇಲೆ ನಿಮ್ಮನ್ನೂ ಯಾರೋ ಕೇಳುತ್ತಾರೆ. ಕರಿ ರೋಡ್ ಅಂತ ಹೇಳಿ. ಚಿಂಚ್‌ಪೋಕ್ಲಿ ಅಂತ ಸುಳ್ಳು ಹೇಳಬೇಡಿ, ಮರುದಿನವೂ ಅದೇ ಹೆಂಗಸರು ಇರುತ್ತಾರೆ.